ಕೊರಳ ಗಂಟು, ಎದೆಯ ಬಡಿತ

ನಮ್ಮ ಶಿವಪುರ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಲ್ಲಿ ಹಿರಿಯ ತಾಯಂದಿರು ಸೊರಗಿದರೆ, ಎದೆ ಡವಗುಟ್ಟಿದರೆ, ಕೈ ನಡುಗಿದರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುವುದುಂಟು. ಆದರೆ ಇದರ ಕಾರಣ ಕೆಲವೊಮ್ಮೆ ಕೊರಳಿನ ಸಣ್ಣ ಗಂಟೊಂದರಲ್ಲಿ ಅಡಗಿರುತ್ತದೆ.

ಕೊರಳ ಮುಂಭಾಗದಲ್ಲಿ ಚಿಟ್ಟೆಯಾಕಾರದ ಥೈರಾಯ್ಡ್ ಗ್ರಂಥಿಯಿದೆ. ಅದು ಎಷ್ಟು ಹಾರ್ಮೋನನ್ನು ಸ್ರವಿಸಬೇಕೆಂಬುದನ್ನು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಹಾರ್ಮೋನಿನ ಮೂಲಕ ನಿಯಂತ್ರಿಸುತ್ತದೆ. ಕೆಲವರಲ್ಲಿ ಥೈರಾಯ್ಡಿನೊಳಗೆ ಬೆಳೆದ ಗಂಟು ಈ ಅಪ್ಪಣೆಗೆ ಕಾಯದೆ ತಾನಾಗಿಯೇ ಹಾರ್ಮೋನನ್ನು ಸುರಿಸತೊಡಗುತ್ತದೆ; ತೂಬು ಮುಚ್ಚಿದ್ದರೂ ಒಡೆದ ಏರಿಯಿಂದ ಗದ್ದೆಗೆ ನೀರು ನುಗ್ಗಿದಂತೆ. ಅಮೆರಿಕದ ವೈದ್ಯ ಹೆನ್ರಿ ಪ್ಲಮ್ಮರ್ 1913ರಲ್ಲಿ ಇದನ್ನು ಗ್ರೇವ್ಸ್ ಕಾಯಿಲೆಯಿಂದ ಬೇರ್ಪಡಿಸಿ ವಿವರಿಸಿದರು. ಗ್ರೇವ್ಸ್ ಕಾಯಿಲೆಯ ಹಲವರಲ್ಲಿ ಕಣ್ಣುಗುಡ್ಡೆಗಳು ಮುಂದಕ್ಕೆ ಚಾಚುತ್ತವೆ. ಇಲ್ಲಿ ಆ ಗುರುತಿಲ್ಲ. ವೃದ್ಧರಲ್ಲಿ ನಾಡಿಯ ಲಯ ತಪ್ಪುವುದೊಂದೇ ಲಕ್ಷಣವಾಗಿರಬಹುದು. ಅದನ್ನು ಅಲಕ್ಷಿಸಿದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ತಗಲುವ ಅಪಾಯವಿದೆ.

ರೋಗನಿರ್ಣಯದ ಮೊದಲ ಹೆಜ್ಜೆ ರಕ್ತಪರೀಕ್ಷೆ. ಟಿ.ಎಸ್.ಎಚ್. ಸಾಮಾನ್ಯವಾಗಿ 0.4ರಿಂದ 4ರವರೆಗೆ ಇರುತ್ತದೆ. ಅದು ತೀರಾ ಕುಸಿದು, ಟಿ3 ಅಥವಾ ಟಿ4 ಏರಿದ್ದರೆ ಥೈರಾಯ್ಡ್ ಹಾರ್ಮೋನು ಮಿತಿಮೀರಿದೆ ಎಂದರ್ಥ. ಅಂಕಿ ಕಡಿಮೆಯಿದೆಯೆಂದು ನಿಶ್ಚಿಂತರಾಗುವುದು ತಪ್ಪು. ಬಯೋಟಿನ್ ಮಾತ್ರೆಗಳು ಫಲಿತಾಂಶವನ್ನು ತಪ್ಪಾಗಿ ತೋರಿಸಬಹುದಾದ್ದರಿಂದ, ಅವುಗಳನ್ನು ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಎರಡನೆಯದು ಅಲ್ಟ್ರಾಸೌಂಡ್. ಇದು ಗಂಟಿನ ಗಾತ್ರ, ರೂಪಗಳನ್ನು ತೋರಿಸುತ್ತದೆಯೇ ಹೊರತು ಅದು ಹಾರ್ಮೋನು ಸ್ರವಿಸುತ್ತಿದೆಯೇ ಎಂಬುದನ್ನಲ್ಲ. ಅದಕ್ಕಾಗಿ ಟಿ.ಎಸ್.ಎಚ್. ಕಡಿಮೆಯಿರುವವರಿಗೆ ಥೈರಾಯ್ಡ್ ಸ್ಕ್ಯಾನ್ ಮಾಡುತ್ತಾರೆ. ಮೈಸೂರು, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. ಅಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ಗಂಟು ಮಾತ್ರ ಹೀರಿಕೊಂಡು, ಉಳಿದ ಗ್ರಂಥಿ ಮಂಕಾಗಿ ಕಂಡರೆ ಅದು ‘ಬಿಸಿ ಗಂಟು’. ಬಿಸಿ ಗಂಟು ಕ್ಯಾನ್ಸರ್ ಆಗಿರುವುದು ಬಹು ವಿರಳ. ಸೂಜಿ ಚುಚ್ಚಿ ಪರೀಕ್ಷಿಸುವ ಅಗತ್ಯವೂ ಸಾಮಾನ್ಯವಾಗಿ ಬೀಳದು. ಗರ್ಭಿಣಿಯರಿಗೆ ಈ ಸ್ಕ್ಯಾನ್ ಸಲ್ಲದು; ಹಾಲೂಡಿಸುವ ತಾಯಂದಿರು ಮೊದಲೇ ವೈದ್ಯರಿಗೆ ತಿಳಿಸಬೇಕು.

ಗಂಟೆಂದರೆ ಅಯೋಡಿನ್ ಕೊರತೆಯೆಂದು ಭಾವಿಸಿ ತಾವಾಗಿಯೇ ಅಯೋಡಿನ್ ಔಷಧ ಸೇವಿಸಿದರೆ ಈ ಕಾಯಿಲೆ ಉಲ್ಬಣಿಸಬಹುದು. ಮಾತ್ರೆ, ವಿಕಿರಣಶೀಲ ಅಯೋಡಿನ್, ಶಸ್ತ್ರಚಿಕಿತ್ಸೆ ಎಂಬ ಚಿಕಿತ್ಸಾಮಾರ್ಗಗಳಿವೆ, ಆಯ್ಕೆ ವೈದ್ಯರದು. ಕಾಯಕಕ್ಕೆ ಕಾಯವೇ ಆಧಾರ. ಮನೆಯ ಹಿರಿಯರ ಕೊರಳನ್ನೊಮ್ಮೆ ಗಮನಿಸೋಣ. ಅನುಮಾನ ಬಂದರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸೋಣ.