ಮನೆಯಂಗಳದ ಕೋಳಿಜುಟ್ಟು

ಕೋಳಿಜುಟ್ಟಿನ ಹೂವಿಗೆ ಪರಿಮಳವಿಲ್ಲ. ಮಲ್ಲಿಗೆ, ಸಂಪಿಗೆ, ಸೇವಂತಿಗೆಗಳ ಮುಂದೆ ಅದನ್ನು ಕಡೆಗಣಿಸುವವರೇ ಹೆಚ್ಚು. ಆದರೆ ಬೆಳಿಗ್ಗೆ ಬಿಡಿಸಿದ ಮಲ್ಲಿಗೆ ಸಂಜೆಗೆ ಬಾಡಿದರೆ, ಕೋಳಿಜುಟ್ಟು ವಾರಗಟ್ಟಲೆ ಮಖಮಲ್ಲಿನಂತೆ ಗಿಡದ ಮೇಲೆ ನಿಂತಿರುತ್ತದೆ. ಒಣಗಿದ ಬಳಿಕವೂ ಬಹುಕಾಲ ಬಣ್ಣ ಉಳಿಸಿಕೊಳ್ಳುತ್ತದೆ. ಹಿಂದೆ ಹಿತ್ತಿಲಿನಲ್ಲಿ ತಾನಾಗಿಯೇ ಹುಟ್ಟಿ ಪೂಜೆಯ ಹೂಬುಟ್ಟಿಯನ್ನು ತುಂಬುತ್ತಿದ್ದ ಈ ಗಿಡವನ್ನು ಈಗ ಪ್ರತಿವರ್ಷವೂ ನರ್ಸರಿಯಿಂದ ಕೊಂಡು ತಂದು, ಹೂ ಮುಗಿದೊಡನೆ ಕಿತ್ತೆಸೆಯುವುದು ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಮನೆಯ ಬೀಜ ಹೀಗೆ ಕೈತಪ್ಪಿ ಹೋಗುತ್ತಿದೆ.

ಇದು ದಂಟು, ಹರಿವೆಗಳ ಕುಟುಂಬಕ್ಕೆ ಸೇರಿದ ಸಸ್ಯ. ಹೊಲಗಳಲ್ಲಿ ಕಳೆಯಾಗಿ ಬೆಳೆದು, ಎಳೆಯದಾಗಿದ್ದಾಗ ಸಾರಿಗೂ ಪಲ್ಯಕ್ಕೂ ಒದಗುವ ಅಣ್ಣೆಸೊಪ್ಪು ಇದರ ಹತ್ತಿರದ ಬಂಧು. ಸಸ್ಯಶಾಸ್ತ್ರದ ಸೆಲೋಸಿಯಾ ಎಂಬ ಹೆಸರು ಉರಿಯನ್ನು ಸೂಚಿಸುವ ಗ್ರೀಕ್ ಪದದಿಂದ ಬಂದಿದೆ. ಬೀಟ್‌ರೂಟಿನ ಕೆಂಪಿಗೆ ಕಾರಣವಾದ ವರ್ಣದ್ರವ್ಯಗಳ ಗುಂಪೇ ಈ ಹೂವಿಗೂ ರಂಗು ಕೊಡುವುದು. ಇನ್ನು ಜುಟ್ಟಿನ ಆಕಾರ: ಬೇರೆ ಗಿಡಗಳಲ್ಲಿ ಒಂದು ಬಿಂದುವಿನಂತಿರುವ ಬೆಳೆಯುವ ತುದಿ ಇಲ್ಲಿ ಗೆರೆಯಂತೆ ಅಗಲಗೊಂಡು, ಸ್ಥಳ ಸಾಲದೆ ಮಡಿಕೆಮಡಿಕೆಯಾಗುತ್ತದೆ.

ಬಿತ್ತನೆಯಿಂದ ಹೂವಿಗೆ ಸುಮಾರು ಮೂರು ತಿಂಗಳು ಹಿಡಿಯುತ್ತದೆ. ದಸರೆಗೆ ಹೂ ಬೇಕೆನ್ನುವವರು ಜೂನ್ ಕೊನೆಯೊಳಗೆ ಬಿತ್ತಬೇಕು. ಬೀಜ ರಾಗಿಗಿಂತ ಚಿಕ್ಕದು; ಒಣಮರಳಿನೊಡನೆ ಬೆರೆಸಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿದರೆ ಸಾಕು. ಇರುವೆ ಹೊತ್ತೊಯ್ಯದಂತೆ ಕುಂಡದ ಸುತ್ತ ಬೂದಿ ಹಾಕುವುದು ಒಳ್ಳೆಯದು. ಎಂಟು-ಹತ್ತು ದಿನಗಳಲ್ಲಿ ಮೊಳಕೆ ಕಾಣುತ್ತದೆ.

ಬಹುಮಂದಿ ಲಕ್ಷ್ಯಕೊಡದ ಸಂಗತಿಯೊಂದು ಇಲ್ಲಿದೆ. ಸಸಿಗೆ ನಾಲ್ಕೈದು ಎಲೆ ಮೂಡಿದೊಡನೆ, ಬೇರು ಕದಲದಂತೆ ಮಣ್ಣಿನ ಹೆಂಟೆಯ ಸಮೇತ ನಾಟಿ ಮಾಡಬೇಕು. ಇಕ್ಕಟ್ಟಾದ ಕುಂಡದಲ್ಲಿ ಬೇರು ಸುತ್ತಿಕೊಂಡರೆ ಗಿಡವು ಅವಧಿಗೆ ಮುನ್ನವೇ ಹೂವಿಗೆ ಬರುತ್ತದೆ. ಅಂಗೈಯಗಲ ಆಗಬೇಕಾದ ಜುಟ್ಟು ಹೆಬ್ಬೆರಳಿನಷ್ಟಕ್ಕೇ ನಿಲ್ಲುತ್ತದೆ. ಆಮೇಲೆ ಎಷ್ಟು ಗೊಬ್ಬರ ಸುರಿದರೂ ಪ್ರಯೋಜನ ಕಡಿಮೆ. ನರ್ಸರಿಯಲ್ಲಿ ಹೂಬಿಟ್ಟ ಪುಟ್ಟ ಗಿಡವನ್ನು ಕಂಡು ಮರುಳಾಗುವುದಕ್ಕಿಂತ, ಹೂವಿಲ್ಲದ ಎಳೆಯ ಸಸಿಯನ್ನು ಆರಿಸುವುದೇ ಜಾಣತನ. ಜುಟ್ಟಿನ ಜಾತಿಯ ಕುಡಿಯನ್ನು ಚಿವುಟಬಾರದು. ಗರಿಯಂತೆ ಹೂಬಿಡುವ ಜಾತಿಯನ್ನು ಚಿವುಟಿದರೆ ಕವಲೊಡೆದು ಹೆಚ್ಚು ಹೂ ಕೊಡುತ್ತದೆ.

ಬಿಸಿಲು ಚೆನ್ನಾಗಿ ಬೀಳುವ ಜಾಗ, ಗಿಡದಿಂದ ಗಿಡಕ್ಕೆ ಒಂದು ಅಡಿ ಅಂತರ, ಕಳಿತ ಕೊಟ್ಟಿಗೆ ಗೊಬ್ಬರ ಇಷ್ಟಿದ್ದರೆ ಸಾಕು. ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ. ಮಳೆಯಲ್ಲಿ ತೊಯ್ದ ಜುಟ್ಟಿನ ಭಾರಕ್ಕೆ ಗಿಡ ವಾಲುವುದರಿಂದ ಒಂದು ಕೋಲಿನ ಆಸರೆ ಬೇಕಾಗಬಹುದು.

ಬೀಜಕ್ಕಾಗಿ ಅತ್ಯುತ್ತಮ ಗಿಡವನ್ನೇ ಗುರುತಿಸಿ, ಕಾಂಡಕ್ಕೆ ದಾರ ಕಟ್ಟಿ, ಅದರ ಹೂವನ್ನು ಯಾರೂ ಕೊಯ್ಯದಂತೆ ಮನೆಯವರಿಗೆಲ್ಲ ತಿಳಿಸಿಡಬೇಕು. ಚೆಲುವಾದುದನ್ನೇ ಮೊದಲು ಕೊಯ್ದು, ಬಡಕಲು ಗಿಡದಿಂದ ಬೀಜ ಹಿಡಿಯುವುದರಿಂದಲೇ ತಳಿ ವರ್ಷದಿಂದ ವರ್ಷಕ್ಕೆ ಸೊರಗುವುದು. ಬೀಜ ಕಟ್ಟುವ ಪುಟ್ಟ ಹೂಗಳಿರುವುದು ಜುಟ್ಟಿನ ನೆತ್ತಿಯಲ್ಲಲ್ಲ, ಕೆಳಗಿನ ಕತ್ತಿನ ಭಾಗದಲ್ಲಿ. ಅಲ್ಲಿ ಬೆರಳಾಡಿಸಿದಾಗ ಕಪ್ಪಗೆ ಹೊಳೆಯುವ ಬೀಜ ಅಂಗೈಗೆ ಉದುರಿದರೆ ಬಲಿತಿದೆಯೆಂದು ತಿಳಿಯಬೇಕು. ಆಗ ಜುಟ್ಟನ್ನು ಕೊಯ್ದು ಬಟ್ಟೆಯ ಮೇಲೆ ನೆರಳಿನಲ್ಲಿ ಒಣಗಿಸಿ, ತೂರಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ ತೇವ ತಾಗದ ಡಬ್ಬಿಯಲ್ಲಿಡಬೇಕು. ಕೆಂಪು ಜುಟ್ಟು, ಹಳದಿ ಗರಿ ಎರಡೂ ಒತ್ತಿನಲ್ಲಿದ್ದರೆ ಜೇನುನೊಣಗಳಿಂದ ಬೆರಕೆಯಾಗುವ ಸಂಭವವುಂಟು. ಬೀಜದ ಹೂವಿಗೆ ಅರಳುವ ಮುನ್ನವೇ ತೆಳುಬಟ್ಟೆಯ ಚೀಲ ಕಟ್ಟಬಹುದು. ಹೈಬ್ರಿಡ್ ಗಿಡದ ಬೀಜವಾದರೆ ತಾಯಿಯನ್ನೇ ಹೋಲುವ ಭರವಸೆಯಿಲ್ಲ.

ಉಳಿದ ಹೂಗಳನ್ನು ಬೀಜ ಉದುರುವ ಮುನ್ನ ಕೊಯ್ದು, ಎಲೆ ತೆಗೆದು, ಗಾಳಿಯಾಡುವ ಕತ್ತಲೆಯ ಕೋಣೆಯಲ್ಲಿ ಎರಡು-ಮೂರು ವಾರ ತಲೆಕೆಳಗಾಗಿ ತೂಗುಹಾಕಿದರೆ ಒಣಹೂವಾಗಿ ಉಳಿಯುತ್ತವೆ. ನೆಲಕ್ಕೆ ಉದುರಿದ ಬೀಜವು ಮುಂಗಾರಿನ ಮೊದಲ ಮಳೆಗೆ ಗುಂಪಾಗಿ ಮೊಳೆಯುತ್ತದೆ. ಕೆಂಪು ಜಾತಿಯ ಸಸಿಯನ್ನು ಕಾಂಡದ ಕೆಂಪಿನಿಂದಲೇ ಗುರುತಿಸಬಹುದು. ಅಂಗಳಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು, ಮಿಕ್ಕವನ್ನು ಎಳೆಯದಿರುವಾಗಲೇ ನೆರೆಮನೆಯವರಿಗೆ ಕೊಡಬಹುದು.