ಗೋಡೆ ಕುಡಿದ ನೀರು

2022ರ ಸೆಪ್ಟೆಂಬರ್ 4, ಭಾನುವಾರ. ಐದನೇ ದಿನದ ಗಣಪತಿಯನ್ನು ನೀರಿಗೆ ಬಿಟ್ಟು ಅಕ್ಕನ ಮನೆಯವರು ಮಲಗಿದ್ದರು. ಆ ರಾತ್ರಿ ನೀರೇ ಮನೆಗೆ ಬಂತು. ಬೆಂಗಳೂರಿನ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಐಟಿಯವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ನೀರಿಳಿದ ಮೇಲೆ ನಾನು ಹೋದಾಗ ಹಾಲ್‌ನ ಗೋಡೆಯ ಮೇಲೆ ಎರಡೂವರೆ ಅಡಿ ಎತ್ತರಕ್ಕೆ ಕಾಫಿ ಬಣ್ಣದ ಗೆರೆ. ಭಾವ ಪಂಚೆ ಎತ್ತಿ ಕಟ್ಟಿ ಕೆಸರು ಗೋರುತ್ತಿದ್ದರು.

“ನೀರು ಹೋಯ್ತಲ್ಲ, ಇನ್ನೇನು? ಹದಿನೈದು ದಿನ ಬಿಟ್ಟು ಬಣ್ಣ ಹೊಡೆಸಿಬಿಡೋಣ. ದೀಪಾವಳಿ ಹೊತ್ತಿಗೆ ಮನೆ ಮನೆ ಥರ ಇರಬೇಕು” ಅಂದರು.

ನಾನು ಸಿವಿಲ್ ಎಂಜಿನಿಯರ್. ಮನೆ ರಿಪೇರಿಯೇ ಹೊಟ್ಟೆಪಾಡು. “ಭಾವ, ನೆಲದ ನೀರು ಹೋಗಿದೆ, ಗೋಡೆ ಕುಡಿದಿದ್ದು ಅಲ್ಲೇ ಇದೆ” ಅಂದೆ. ಅವರು ನಂಬಲಿಲ್ಲ. ಅಂಗಳದಲ್ಲಿದ್ದ ಒಂದು ಹಳೇ ಇಟ್ಟಿಗೆಯ ಲೆಕ್ಕ ಹೇಳಿದೆ. 3 ಕಿಲೋ ತೂಗುವ ಸಾಧಾರಣ ಇಟ್ಟಿಗೆ ಒಂದು ದಿನ ನೀರಿನಲ್ಲಿ ನೆನೆದರೆ ಅರ್ಧ ಲೀಟರಿನಷ್ಟು ಕುಡಿಯುತ್ತದೆ. 12 ಅಡಿ ಉದ್ದದ, 9 ಇಂಚು ದಪ್ಪದ ಗೋಡೆಯಲ್ಲಿ ಎರಡೂವರೆ ಅಡಿ ಎತ್ತರದವರೆಗೆ ಹೆಚ್ಚುಕಡಿಮೆ 300 ಇಟ್ಟಿಗೆ. ಅವು ಅರ್ಧ ಹೊಟ್ಟೆ ಕುಡಿದಿದ್ದರೂ 75 ಲೀಟರ್. ಒಂದು ಗೋಡೆಯದು ಮಾತ್ರ.

ಇನ್ನು ಈ ನೀರನ್ನು ಹೊರಬೇಕಾದ ಗಾಳಿಯ ಲೆಕ್ಕ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆ ತುಂಬ ಇರುವ ಗಾಳಿ, 25 ಡಿಗ್ರಿಯಲ್ಲಿ, ಒಟ್ಟು ಒಂದು ಲೀಟರಿಗಿಂತ ಕಡಿಮೆ ನೀರನ್ನಷ್ಟೇ ಆವಿಯಾಗಿ ಹಿಡಿದಿಟ್ಟುಕೊಳ್ಳಬಲ್ಲದು. ಮಳೆಗಾಲದಲ್ಲಿ ಅದರ ಬಹುಪಾಲು ಮೊದಲೇ ತುಂಬಿರುತ್ತದೆ. ಉಳಿದಿದ್ದು ಒಂದು ಲೋಟದಷ್ಟು ಜಾಗ. ಕಿಟಕಿ ಮುಚ್ಚಿ ಫ್ಯಾನ್ ತಿರುಗಿಸಿದರೆ ಆ ಲೋಟ ತುಂಬುತ್ತದೆ, ಆಮೇಲೆ ಫ್ಯಾನ್ ಸುಮ್ಮನೆ ತಿರುಗುತ್ತಿರುತ್ತದೆ. ಗೋಡೆಯ ನೀರು ಗಾಳಿಗೆ ಬರಬೇಕು, ಆ ಗಾಳಿ ಮನೆಯಿಂದ ಆಚೆ ಹೋಗಬೇಕು. ಎರಡರಲ್ಲಿ ಒಂದು ನಿಂತರೂ ಒಣಗುವುದು ನಿಲ್ಲುತ್ತದೆ.

ಭಾವ ಮಾಡಿದ್ದು ಸರಿಯಾಗಿ ಇದರ ಉಲ್ಟಾ. ಒಂದು ರಾತ್ರಿ ಕಿಟಕಿ ಬಾಗಿಲೆಲ್ಲ ಭದ್ರ ಮಾಡಿ ಕೋಣೆಯಲ್ಲಿ ಹೀಟರ್ ಇಟ್ಟರು. ಬೆಳಿಗ್ಗೆ ನೋಡಿದರೆ ಕಿಟಕಿಯ ಗಾಜಿನಲ್ಲಿ ನೀರು ಸುರಿಯುತ್ತಿದೆ, ಅದುವರೆಗೆ ಒಣಗಿದ್ದ ಸೂರಿನ ಮೂಲೆಯೂ ಒದ್ದೆ. ಬಿಸಿಗೆ ಎದ್ದ ಆವಿ ಹೊರಗೆ ಹೋಗಲು ದಾರಿಯಿಲ್ಲದೆ, ತಣ್ಣಗಿದ್ದ ಕಡೆ ಮತ್ತೆ ನೀರಾಗಿ ಕೂತಿತ್ತು. ಕೆಳಗಿನ ನೀರನ್ನು ಕರೆಂಟು ಖರ್ಚು ಮಾಡಿ ಮೇಲಕ್ಕೆ ಹತ್ತಿಸಿದ ಹಾಗಾಯಿತು. ಒದ್ದೆಯಾಗಿ ಒಂದೆರಡು ದಿನ ಬಿಟ್ಟರೆ ಸಾಕು, ಬೂಷ್ಟು ಮೊಳೆಯುತ್ತದೆ.

ಅದೃಷ್ಟಕ್ಕೆ ಆ ಕೋಣೆಯ ಎಸಿ ಗೋಡೆಯ ಮೇಲ್ಗಡೆ ಇತ್ತು. ಎಲೆಕ್ಟ್ರಿಷಿಯನ್ ಬಂದು, ನೆಂದ ಪ್ಲಗ್ ಪಾಯಿಂಟುಗಳನ್ನೆಲ್ಲ ಬಿಚ್ಚಿ ಬದಲಾಯಿಸಿ, ಪರೀಕ್ಷೆ ಮಾಡಿ ಹೂಂ ಅನ್ನುವ ತನಕ ಮೇನ್ ಸ್ವಿಚ್ ಮುಟ್ಟಲು ಮೊದಲೇ ಯಾರಿಗೂ ಬಿಟ್ಟಿರಲಿಲ್ಲ. ಈಗ ಎಸಿಯನ್ನು ‘ಡ್ರೈ’ಗೆ ಹಾಕಿ, ಅದರ ನೀರಿನ ಪೈಪಿಗೆ ಬಕೆಟ್ ಇಟ್ಟೆವು. ಬೆಳಿಗ್ಗೆ ಅರ್ಧ ಬಕೆಟ್ ನೀರು. ಭಾವ ಅದನ್ನು ಅಕ್ಕನಿಗೂ ಪಕ್ಕದ ಮನೆಯವರಿಗೂ ಕರೆದು ತೋರಿಸಿದರು. ಬಾಡಿಗೆಗೆ ಸಿಗುವ ಡಿಹ್ಯೂಮಿಡಿಫೈಯರ್ ಯಂತ್ರವೂ ಇದನ್ನೇ ಮಾಡುತ್ತದೆ: ಗಾಳಿಯನ್ನು ತಣ್ಣನೆಯ ಕೊಳವೆಯ ಮೇಲೆ ಹಾಯಿಸಿ ನೀರು ಇಳಿಸಿಕೊಳ್ಳುತ್ತದೆ. ಮಳೆ ಹಿಡಿದ ದಿನ ಕಿಟಕಿ ಮುಚ್ಚಿ ಎಸಿ, ಬಿಸಿಲು ಬಿದ್ದ ದಿನ ಎದುರುಬದುರಿನ ಕಿಟಕಿ ತೆರೆದು ಗೋಡೆಯನ್ನು ಸವರಿಕೊಂಡು ಹೋಗುವಂತೆ ಪೆಡೆಸ್ಟಲ್ ಫ್ಯಾನ್.

ಇದಕ್ಕೆಲ್ಲ ಮುಂಚೆ ತೊಳೆಯುವ ಕೆಲಸ ಆಗಿರಬೇಕು. ಒಡೆದ ಪೈಪಿನ ನೀರು ಬೇರೆ, ಚರಂಡಿ ಸೇರಿದ ಪ್ರವಾಹದ ನೀರು ಬೇರೆ. ಎರಡನೆಯದನ್ನು ಕುಡಿದ ಹಾಸಿಗೆ, ಸೋಫಾದ ಫೋಮ್ ಎಷ್ಟೇ ದುಬಾರಿಯಾಗಿದ್ದರೂ ಬಿಸಾಡಿ. ಉಳಿದದ್ದನ್ನು ಸೋಪಿನ ನೀರಲ್ಲಿ ತೊಳೆದು, ಆಮೇಲೆ ಬ್ಲೀಚಿಂಗ್ ಪೌಡರ್ ನೀರು. ಅದಕ್ಕೆ ಟಾಯ್ಲೆಟ್ ಆ್ಯಸಿಡ್ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಅಕ್ಕನ ಪಾರ್ಟಿಕಲ್ ಬೋರ್ಡ್ ವಾರ್ಡ್‌ರೋಬ್ ಚಹಾಕ್ಕೆ ಅದ್ದಿದ ರಸ್ಕಿನಂತೆ ಉಬ್ಬಿ ಉದುರಿತು. ತೇಗದ ಬಾಗಿಲೂ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಬಡಗಿ ಅದನ್ನು ಕೆತ್ತುತ್ತೇನೆ ಅಂತ ಉಳಿ ತೆಗೆದಿದ್ದ. ತಡೆದೆ. ಡಿಸೆಂಬರ್ ಹೊತ್ತಿಗೆ ಅದು ತಾನೇ ಕುಗ್ಗಿ ಸಲೀಸಾಗಿ ಮುಚ್ಚಿಕೊಂಡಿತು. ಕೆತ್ತಿದ್ದರೆ ಬೆರಳಗಲ ಸಂದಿ ಬೀಳುತ್ತಿತ್ತು.

ಗೋಡೆಯ ಪುಟ್ಟಿ ಕೆರೆಸಿ, ಸ್ಕರ್ಟಿಂಗ್ ಟೈಲ್ಸ್ ಕೀಳಿಸಿದಾಗ ಅಕ್ಕ ಅಳುವುದೊಂದು ಬಾಕಿ. ಆದರೆ ಪ್ಲಾಸ್ಟಿಕ್ ಪೇಂಟು, ಪುಟ್ಟಿ, ಟೈಲ್ಸು ಎಲ್ಲ ಗೋಡೆಗೆ ತೊಡಿಸಿದ ರೇನ್‌ಕೋಟು. ಮೈ ಒದ್ದೆಯಿರುವಾಗ ರೇನ್‌ಕೋಟು ಹಾಕಿಕೊಂಡರೆ ಒಣಗುವುದೆಲ್ಲಿಂದ? ಸುಣ್ಣ ಬಳಿದ ಹಳೇ ಮನೆಗಳಿಗೆ ಈ ತಾಪತ್ರಯ ಕಡಿಮೆ.

ಮೊದಲ ವಾರ ಮೇಲ್ಮೈ ಬೇಗ ಆರಿ ಗೋಡೆ ಬೆಳ್ಳಗಾಗುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಆಮೇಲೆ ಒಳಗಿನ ನೀರು ಇಟ್ಟಿಗೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ತೆವಳಿಕೊಂಡು ಹೊರಗೆ ಬರಬೇಕು, ಅದಕ್ಕೆ ಯಾವ ಫ್ಯಾನಿನ ಅವಸರವೂ ತಟ್ಟುವುದಿಲ್ಲ. ಮುಟ್ಟಿ ನೋಡಿದರೆ ಏನೂ ತಿಳಿಯದು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಒಳಗಡೆ ಮಂಜು ಕಟ್ಟಿದ್ದರೆ ಗೋಡೆ ಇನ್ನೂ ಒದ್ದೆ. ಎರಡು ಮುಳ್ಳಿನ ತೇವಾಂಶ ಮೀಟರ್ ನನ್ನ ಹತ್ತಿರ ಇದೆ, ಆದರೆ ಗೋಡೆಯಲ್ಲಿ ಉಪ್ಪಿದ್ದರೆ ಅದು ಸುಳ್ಳು ಹೇಳುತ್ತದೆ. ಹಾಳೆಯ ಮೇಲೆಯೇ ನನಗೆ ಹೆಚ್ಚು ನಂಬಿಕೆ.

ಅಕ್ಟೋಬರ್‌ನಲ್ಲಿ ಹಾಳೆಯ ಒಳಗೆ ಹನಿ ಸಾಲುಗಟ್ಟಿತ್ತು. ಭಾವ ಕೇಳಲಿಲ್ಲ. ಕೊನೆಗೆ ರಾಜಿಯಾಯಿತು: ಹಬ್ಬಕ್ಕೆ ಹಾಲ್‌ನ ಒಂದೇ ಗೋಡೆಗೆ ಬಣ್ಣ, ಉಳಿದವು ಬರಿಮೈಯಲ್ಲೇ ಇರಲಿ ಅಂತ. ದೀಪಾವಳಿಗೆ ಆ ಗೋಡೆ ಚೆನ್ನಾಗಿಯೇ ಕಂಡಿತು. ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ಅದರ ಮೇಲೆ ಅಂಗೈಯಗಲದ ಗುಳ್ಳೆಗಳು, ಒಡೆದ ಕಡೆಯೆಲ್ಲ ಹತ್ತಿಯಂಥ ಬಿಳಿ ಉಪ್ಪು. ಇಟ್ಟಿಗೆಯ ಉಪ್ಪನ್ನು ನೀರು ಹೊತ್ತು ತಂದು ಬಣ್ಣದ ಹಿಂದೆ ಬಿಟ್ಟು ಹೋಗಿತ್ತು.

ಭಾವ ಏನೂ ಮಾತಾಡಲಿಲ್ಲ. ಫೆಬ್ರವರಿ ಕೊನೆಯಲ್ಲಿ ಉಳಿದ ಮೂರು ಗೋಡೆಗಳ ಹಾಳೆಗಳು ಒಣಗಿಯೇ ಇದ್ದವು. ಪೇಂಟಿಂಗ್ ಮೇಸ್ತ್ರಿಗೆ ಫೋನ್ ಮಾಡಿದ್ದು ನಾನು. ನಾಲ್ಕನೇ ಗೋಡೆಯನ್ನು ಕೆರೆಸಿ ಒಣಗಲು ಬಿಡುವಂತೆ ಹೇಳಿದ್ದು ಭಾವ.