ಧನ್ವಯಾಸ, ಯವಾಸ: ಎರಡು ಮುಳ್ಳುಗಿಡಗಳ ಹೆಸರಿನ ತೊಡಕು

ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಎಲ್ಲೆಯಾಗಿ ಹೆಸರಿಸುವ ಗೋದಾವರಿಯು ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದ ಬಳಿ ಹುಟ್ಟಿ ಛತ್ರಪತಿ ಸಂಭಾಜಿನಗರ ಜಿಲ್ಲೆಯ ದಕ್ಷಿಣದಂಚಿನಲ್ಲಿ ಹರಿಯುತ್ತದೆ. ಈ ಜಿಲ್ಲೆಗಳ ಮಳೆನೆರಳಿನ ಬೀಳುನೆಲಗಳಲ್ಲಿ ಬೆಳೆಯುವ ಒಂದು ಕುಳ್ಳ ಮುಳ್ಳುಪೊದೆಗೆ ಮರಾಠಿಯಲ್ಲಿ ಧಮಾಸಾ ಎನ್ನುತ್ತಾರೆ. ಸಂಸ್ಕೃತದಲ್ಲಿ ಇದು ಧನ್ವಯಾಸ, ‘ಧನ್ವ’ವೆಂದರೆ ಮರುಭೂಮಿ. ಸಸ್ಯಶಾಸ್ತ್ರದಲ್ಲಿ ಇದರ ಕುಲನಾಮ ಫಗೋನಿಯಾ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ವೈದ್ಯನಾಗಿದ್ದ ಫಗೋನನ ನೆನಪಿಗೆ ಇಟ್ಟದ್ದು.

ತೊಡಕಿರುವುದು ಇದರ ಜೊತೆಗಾರ ಯವಾಸದಲ್ಲಿ. ಅಲ್ಹಾಗಿ ಕುಲದ ಈ ಗಿಡ ಅವರೆಯ ಕುಟುಂಬಕ್ಕೆ ಸೇರಿದ್ದು. ಧನ್ವಯಾಸಕ್ಕೆ ಸಂಬಂಧಿಯೇ ಅಲ್ಲ. ಆದರೂ ಅಮರಕೋಶವು ಯಾಸ, ಯವಾಸ, ಧನ್ವಯಾಸ, ದುರಾಲಭಾ ಎಂಬವನ್ನೆಲ್ಲ ಒಂದೇ ಪರ್ಯಾಯಮಾಲೆಯಲ್ಲಿ ಪೋಣಿಸಿತು. ಭಾವಪ್ರಕಾಶವು ದುರಾಲಭೆಯನ್ನು ಬೇರೆಯಾಗಿ ಎಣಿಸಿದರೂ ಗುಣದಲ್ಲಿ ಯವಾಸಕ್ಕೆ ಸಮವೆಂದಿತು. ಹೀಗೆ ಒಂದರ ಬದಲಿಗೆ ಇನ್ನೊಂದನ್ನು ಕೊಡುವುದಕ್ಕೆ ಶಾಸ್ತ್ರದ ಆಸರೆಯೇ ದೊರೆತಂತಾಯಿತು. ಇದು ಸಾಲದೆಂಬಂತೆ, ಮರಾಠಿಯಲ್ಲಿ ‘ಜವಸ’ವೆಂದರೆ ನಮ್ಮ ಅಗಸೆ, ಹಿಂದಿಯ ‘ಜವಾಸಾ’ ಯವಾಸ. ಮೂಲಗಳನ್ನು ಕನ್ನಡಕ್ಕೆ ತರುವವರು ಇಲ್ಲಿ ಎಚ್ಚರ ವಹಿಸಬೇಕೆಂದು ನಾವು ಭಾವಿಸುತ್ತೇವೆ.

ಚರಕಸಂಹಿತೆಯು ಬಾಯಾರಿಕೆಯನ್ನು ತಣಿಸುವ ಹತ್ತು ದ್ರವ್ಯಗಳಲ್ಲಿ ಶುಂಠಿ, ಭದ್ರಮುಷ್ಟಿ, ಅಮೃತಬಳ್ಳಿಗಳೊಡನೆ ಧನ್ವಯಾಸವನ್ನು ಎಣಿಸುತ್ತದೆ. ಜ್ವರ, ವಾಂತಿ, ಮೈಉರಿಗಳಿಗೆ ಇದರ ಕಷಾಯವನ್ನು ಬಳಸುವುದು ರೂಢಿ. ಬಾಯಿಹುಣ್ಣಿಗೆ ಅದರಿಂದಲೇ ಮುಕ್ಕಳಿಸುವುದುಂಟು. ಯವಾಸದ ವಿಶೇಷ ಬೇರೆ. ಅದರಿಂದ ಒಸರಿ ಗಟ್ಟಿಯಾಗುವ ಸಿಹಿ ಅಂಟನ್ನು ಆಯುರ್ವೇದವು ಯವಾಸಶರ್ಕರಾ ಎಂದೂ ಯುನಾನಿ ವೈದ್ಯರು ತುರಂಜಬೀನ್ ಎಂದೂ ಕರೆದು, ಮೃದು ವಿರೇಚಕವಾಗಿ ಬಳಸುತ್ತಾರೆ. ಅಂಗಡಿಗೆ ಅದು ಬರುತ್ತಿದ್ದುದು ಇರಾನಿನ ಕಡೆಯಿಂದ.

ಈ ಗೊಂದಲವು ಇಂದು ಕೇವಲ ನಿಘಂಟುಕಾರರದಾಗಿ ಉಳಿದಿಲ್ಲ. ಧಮಾಸಾದ ನೀರುಸಾರವು ಸ್ತನ ಕ್ಯಾನ್ಸರಿನ ಜೀವಕೋಶಗಳನ್ನು ಕೊಲ್ಲುತ್ತದೆಂದು 2012ರಲ್ಲಿ ಇಂಗ್ಲೆಂಡಿನ ಸಂಶೋಧಕರು ಪ್ರಕಟಿಸಿದರು. ಅದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕಂಡ ಫಲ. ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲ. ಇದನ್ನು ನೆಚ್ಚಿ ಚಿಕಿತ್ಸೆಯನ್ನು ಬಿಟ್ಟವರಿಗೆ ಪೊಟ್ಟಣದಲ್ಲಿ ದೊರೆಯುವುದು ಯಾವ ಗಿಡವೆಂಬುದೂ ಖಚಿತವಲ್ಲ. ಆ ಪ್ರಬಂಧದಲ್ಲಿ ಬಳಸಿದ ಫಗೋನಿಯಾ ಕ್ರೆಟಿಕಾ ಎಂಬ ಹೆಸರು ಮೆಡಿಟರೇನಿಯನ್ ಕಡೆಯ ಗಿಡಕ್ಕೆ ಸಲ್ಲತಕ್ಕದ್ದೆಂದು ಬೈಯರ್ ಅವರ 2005ರ ವರ್ಗೀಕರಣ ಪರಿಷ್ಕರಣೆಯಿಂದ ತಿಳಿಯುತ್ತದೆ. ನಮ್ಮ ಗ್ರಂಥಗಳಲ್ಲಿ ಭಾರತದ ಗಿಡಕ್ಕೂ ಅದೇ ಹೆಸರು ನಿಂತಿದೆ.

ಹಸಿಗಿಡವನ್ನು ಗುರುತಿಸುವುದು ಕಷ್ಟವಲ್ಲ. ಧನ್ವಯಾಸದ ಗೆಣ್ಣಿಗೆ ನಾಲ್ಕು ಮುಳ್ಳು, ಐದು ಎಸಳಿನ ನಸುನೇರಳೆ ಹೂ, ಐದು ಹೋಳಿನ ಕಾಯಿ. ಯವಾಸದಲ್ಲಿ ಎಲೆಯ ಕಂಕುಳಿನಿಂದ ಒಂಟಿ ಮುಳ್ಳು ಹೊರಡುತ್ತದೆ. ಹೂವು ಅವರೆಯದನ್ನು ಹೋಲುತ್ತದೆ, ಕಾಯಿ ಬೀಜಗಳ ನಡುವೆ ಸೊರಗಿದ ಸೋಡಿಗೆ. ಅಂಗಡಿಗೆ ಬರುವ ಹೊತ್ತಿಗೆ ಎರಡೂ ಒಣಗಿ ತುಂಡಾಗಿರುತ್ತವೆ. ಆಗ ಹುಡುಕಬೇಕಾದದ್ದು ಗೆಣ್ಣನ್ನು.